ಹಿಡಿಕೆಯ ಮೇಲಿನ ಹಲ್ಲಿನ ಗುರುತು

೧೯೮೦ರಲ್ಲಿ ನಾನು ಸಾಲಿ ಬಿಟ್ಟೆ. ಒಂಬತ್ತನೇ ಇಯತ್ತೆ, ದೀಪಾವಳಿ ಸೂಟಿ ಮುಗಿದ ಮರುದಿನ. ಯಾರೂ ಬಿಡಿಸಲಿಲ್ಲ. ಬಡತನ ಬಿಡಿಸಿತು ಎಂದೂ ಹೇಳಲಾರೆ. ಸದಲಗಾದ ನಮ್ಮ ಮನೆಯಲ್ಲಿ ನಾಲ್ಕು ಎಮ್ಮೆ ಇದ್ದವು, ಹಾಲು ಕೊಲ್ಲಾಪುರದ ಕಡೆ ಹೋಗುತ್ತಿತ್ತು, ಹೊಟ್ಟೆಗೆ ಕಡಿಮೆ ಇರಲಿಲ್ಲ. ನಾನಾಗಿ ಬಿಟ್ಟೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಬರೆಯುವುದರಲ್ಲಿ ತಪ್ಪು ಕಂಡರೆ ಅದರ ಕಾರಣ ಹುಡುಕುವ ತ್ರಾಸು ನಿಮಗೆ ಬೇಡ.

ಬರೆಯಲು ಕೂರಿಸಿದ್ದು ಒಂದು ಸ್ಕ್ರೂಡ್ರೈವರ್. ಉದ್ದ ಒಂದು ಮೊಳಕ್ಕೆ ಸ್ವಲ್ಪ ಕಡಿಮೆ, ಕಟ್ಟಿಗೆಯ ಹಿಡಿಕೆ. ಉಳಿದವೆಲ್ಲ ಪೆಟ್ಟಿಗೆಯಲ್ಲಿ ಒಂದರ ಮೇಲೊಂದು ಬಿದ್ದಿರುತ್ತವೆ, ಇದೊಂದು ಗೋಡೆಯ ಮೊಳೆಗೆ ತೂಗುತ್ತಿರುತ್ತದೆ. ಹೋದ ವಾರ ರಾಯಬಾಗದ ಮಾಸ್ತರರೊಬ್ಬರು ಗಾಡಿ ತಂದವರು ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, “ಇದನ್ನ ನಾಯಿ ಕಡದೈತೇನ್ರಿ ಮಿಸ್ತ್ರಿ?” ಅಂದರು. ಅಲ್ರಿ, ನಮ್ಮ ಕಾಕಾ ಕಡದಾರ ಅಂದೆ. ಅವರು ನಕ್ಕರು. ನಗೆಯ ಮಾತು ಅಂದುಕೊಂಡಿರಬೇಕು. ನಾನೂ ಬಿಡಿಸಿ ಹೇಳಲಿಲ್ಲ. ಅವರು ಹೋದ ಮೇಲೆ ಮಾತ್ರ ಮನಸ್ಸಿಗೆ ಸಮಾಧಾನ ಇಲ್ಲ. ಹೇಳಬೇಕಾಗಿತ್ತು ಅನಿಸಿತು. ಮಾಸ್ತರರಿಗೆ ಹೇಳಲಿಲ್ಲ, ನಿಮಗೆ ಹೇಳುತ್ತೇನೆ.

ಮಾಸ್ತರರ ವಿಷಯ ಬಂತಲ್ಲ, ಸಾಲಿ ಬಿಟ್ಟದ್ದನ್ನೂ ಹೇಳಿಬಿಡಲಿ. ನಮ್ಮ ಸಾಲಿಯ ಹಿಂದಿನಿಂದ ದೂಧಗಂಗೆಯ ತನಕ ಹೊಲ. ಹೊಳೆಯ ದಂಡೆಗೆ ಯಾರದೋ ಡೀಸೆಲ್ ಪಂಪು ಇತ್ತು. ದಿನವೆಲ್ಲ ತುಕ್ ತುಕ್ ಅಂತ ಬಡಿದುಕೊಳ್ಳುತ್ತಿತ್ತು. ನನಗೆ ಇತಿಹಾಸದ ಪಾಠ ಕೇಳಿಸುತ್ತಿರಲಿಲ್ಲ, ಅದೊಂದೇ ಕೇಳಿಸುತ್ತಿತ್ತು. ಆರು ಸಲ ಸರಿಯಾಗಿ ಬಡಿದು ಏಳನೆಯದಕ್ಕೆ ಒಂದು ಬಡಿತ ತಪ್ಪುತ್ತಿತ್ತು. ಆ ತಪ್ಪುವುದಕ್ಕಾಗಿ ನಾನು ಉಸಿರು ಹಿಡಿದು ಕಾಯುತ್ತಿದ್ದೆ. ಒಂದು ದಿನ ಮಾಸ್ತರರು ಎಬ್ಬಿಸಿ ನಿಲ್ಲಿಸಿ, ಯುದ್ಧದಲ್ಲಿ ಸೋತವರು ಯಾರು ಎಂದು ಕೇಳಿದರು. ನಾನು, ಅದರ ವಾಲ್ವು ಸಡಲ ಆಗೈತ್ರಿ ಸರ್ ಅಂದೆ. ವರ್ಗವೆಲ್ಲ ನಕ್ಕಿತು. ಅವರು ಹೊಡೆಯಲಿಲ್ಲ. ನಿನ್ನ ಸಾಲಿ ಅಲ್ಲೈತಿ, ಇಲ್ಯಾಕ ಕುಂತಿ ಅಂದರು. ಅವರು ಸಿಟ್ಟಿನಿಂದ ಅಂದ ಮಾತನ್ನು ನಾನು ಉಪದೇಶ ಎಂದು ತಗೊಂಡೆ. ಮರುವರ್ಷ ಚಿಕ್ಕೋಡಿಗೆ ಬಂದು ಬಾಳುಕಾಕಾರ ಗ್ಯಾರೇಜು ಸೇರಿದೆ.

ಬಾಳುಕಾಕಾ ನನಗೆ ಸಂಬಂಧದ ಕಾಕಾ ಅಲ್ಲ. ಎಲ್ಲರೂ ಹಾಗೆ ಕರೆಯುತ್ತಿದ್ದರು, ನಾನೂ ಕರೆದೆ. ಕರೋಶಿಯವರು. ಮನೆತನ ಕುರಿ ಕಾಯುವವರದು. ಅವರೂ ಇಪ್ಪತ್ತು ವರ್ಷದ ತನಕ ಕುರಿಯ ಹಿಂದೆಯೇ ತಿರುಗಿದವರು. ಆಮೇಲೆ ಲಾರಿಯ ಕ್ಲೀನರ್ ಆಗಿ, ಊರೂರು ತಿರುಗಿ, ಕೆಲಸ ಕಲಿತು, ನಿಪ್ಪಾಣಿ ರಸ್ತೆಯ ಬದಿಗೆ ಬೇವಿನ ಗಿಡದ ಕೆಳಗೆ ತಗಡು ಹೊಡೆದು ಕೂತರು. ಯಾವ ಗಾಡಿ ಬಂದರೂ ಮೊದಲು ಬಾನೆಟ್ ಎತ್ತುತ್ತಿರಲಿಲ್ಲ. ಮಡ್‌ಗಾರ್ಡಿನ ಮೇಲೆ ಅಂಗೈ ಊರಿ ಸುಮ್ಮನೆ ನಿಲ್ಲುವರು, ಗಬ್ಬಾದ ಕುರಿಯ ಪಕ್ಕೆಗೆ ಕೈ ಇಟ್ಟ ಹಾಗೆ. ಆಮೇಲೆ ಈ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಕೆಯನ್ನು ಕಿವಿಗೆ ಹಚ್ಚುವರು. ಡಾಕ್ಟರರಿಗೆ ಎದೆ ನೋಡುವ ನಳಿಗೆ ಇದ್ದಂತೆ ಅವರಿಗೆ ಇದು. ಒಳಗಿನದೆಲ್ಲ ಕಬ್ಬಿಣದ ಗುಂಟ ಏರಿ ಬಂದು ಕಿವಿಯಲ್ಲಿ ಮಾತಾಡುತ್ತದೆ.

ಗಾಡಿ ನಡುಗುತ್ತದೆ ಎಂದು ಹೇಳಲು ಊರಿಗೊಂದು ರೀತಿ. ನಿಪ್ಪಾಣಿಯ ತಂಬಾಕು ವ್ಯಾಪಾರಿ ಒಬ್ಬರು ನಮ್ಮ ಗಾಡಿ ಸೀನಾಕತ್ತೈತಿ ಅನ್ನುತ್ತಿದ್ದರು. ತಂಬಾಕಿನ ಧೂಳಿನಲ್ಲಿ ಕೂತವರಿಗೆ ಬೇರೆ ಯಾವ ರೋಗ ನೆನಪಾದೀತು? ಅಥಣಿಯ ಕಡೆಯವರು ಥಂಡಿ ಜ್ವರ ಬಂದೈತಿ ಅನ್ನುವರು. ರಾಯಬಾಗದಲ್ಲಿ ಹಿಟ್ಟಿನ ಗಿರಣಿ ಇಟ್ಟವರೊಬ್ಬರು, ಬೀಸುವಾಗ ಜ್ವಾಳದಾಗ ಹರಳ ಸಿಕ್ಕಂಗ ಆಗತೈತ್ರಿ ಅಂದಿದ್ದರು. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅದು. ಕಾಕಾ ಎಲ್ಲ ಕೇಳಿಕೊಂಡು ಒಂದೇ ಮಾತು ಕೇಳುವರು: ನಿಂತಾಗ ನಡಗತೈತೋ, ಓಡುವಾಗ ನಡಗತೈತೋ? ನಿಂತಾಗ ನಡುಗಿದರೆ ಇಂಜಿನ್ನಿನ ಕಡೆ ನೋಡಬೇಕು. ಓಡುವಾಗ ಮಾತ್ರ ನಡುಗಿದರೆ ಗಾಲಿ, ಜಾಯಿಂಟು ನೋಡಬೇಕು. ಎರಡರಲ್ಲೂ ನಡುಗಿದರೆ ಏನು ಮಾಡೂದ್ರಿ ಕಾಕಾ ಎಂದು ನಾನು ಕೇಳಿದ್ದೆ. ಮದಲ ಚಹಾ ಕುಡಿ ಅಂದಿದ್ದರು.

ಡೀಸೆಲ್ ಇಂಜಿನ್ನಿನ ಗುಟ್ಟು ಹೇಳುತ್ತೇನೆ, ಹೆದರಬೇಡಿ, ಸಣ್ಣದು. ಅದರಲ್ಲಿ ನಾಲ್ಕು ಉರುಳೆ, ಅಂದರೆ ಸಿಲಿಂಡರು. ಪಂಪಿನಿಂದ ನಾಲ್ಕು ಸಣ್ಣ ಪೈಪು ಬಂದು ನಾಲ್ಕಕ್ಕೂ ಪಾಳಿಯ ಪ್ರಕಾರ ಡೀಸೆಲ್ ಕೊಡುತ್ತವೆ. ಪೈಪಿನ ತುದಿಗೆ ನೋಜಲ್ಲು. ಅದು ಡೀಸೆಲ್ಲನ್ನು ಹೊಗೆಯಷ್ಟು ಸಣ್ಣಗೆ ಊದಬೇಕು. ಊದುವ ಬದಲು ಜೊಲ್ಲು ಸುರಿಸಿದರೆ ಆ ಸಿಲಿಂಡರು ಸರಿಯಾಗಿ ಉರಿಯುವುದಿಲ್ಲ. ಉಳಿದ ಮೂರು ಸೇರಿ ಅದನ್ನು ಹೊತ್ತುಕೊಂಡು ತಿರುಗಬೇಕು. ಆಗ ಗಾಡಿ ನಡುಗುತ್ತದೆ. ನಾಲ್ಕರಲ್ಲಿ ಸತ್ತದ್ದು ಯಾವುದು ಎಂದು ನೋಡಲು ಇಂಜಿನ್ ಚಾಲೂ ಇಟ್ಟು ಪಾನಾದಿಂದ, ಅಂದರೆ ಸ್ಪ್ಯಾನರಿನಿಂದ, ಒಂದೊಂದೇ ಪೈಪಿನ ನಟ್ಟು ಅರ್ಧ ಸುತ್ತು ಸಡಿಲಿಸಬೇಕು. ಡೀಸೆಲ್ ಹೊರಗೆ ಚೆಲ್ಲಿ ಆ ಸಿಲಿಂಡರು ನಿಲ್ಲುತ್ತದೆ. ಸಪ್ಪಳ ಕುಗ್ಗಿದರೆ ಅದು ದುಡಿಯುತ್ತಿದ್ದ ಸಿಲಿಂಡರು. ಯಾವುದನ್ನು ನಿಲ್ಲಿಸಿದರೂ ಏನೂ ಫರಕು ಬೀಳುವುದಿಲ್ಲವೋ ಅದೇ ಸತ್ತದ್ದು.

ಮದುವೆಯಾದ ಹೊಸದರಲ್ಲಿ ಈ ಪರೀಕ್ಷೆಯನ್ನು ನಾನು ಮನೆಯ ಮೇಲೂ ಮಾಡಿದೆ. ಯಾವುದೋ ಮಾತಿಗೆ ಸಿಟ್ಟಾಗಿ ಎರಡು ದಿನ ಮನೆಗೆ ಹೋಗದೆ ಗ್ಯಾರೇಜಿನಲ್ಲೇ ಉಳಿದೆ. ಮೂರನೆಯ ದಿನ ಹೋದರೆ ಮನೆ ಎಂದಿನಂತೆ ನಡೆದಿತ್ತು. ಹೆಂಡತಿ, ಕೈ ತೊಳಕೊಂಡ ಬರ್ರಿ, ರೊಟ್ಟಿ ಆರತಾವ ಅಂದಳು. ಆ ಪರೀಕ್ಷೆಯನ್ನು ಮತ್ತೆ ಮಾಡಲಿಲ್ಲ.

ನಟ್ಟು ಸಡಿಲಿಸುವ ಕೆಲಸ ನನ್ನದು. ಕಾಕಾ ಎದುರಿಗೆ ನಿಲ್ಲುವರು. ಎಂಬತ್ತೆಂಟನೆಯ ಇಸವಿಯ ಸುಮಾರಿಗೆ ಒಂದು ಹೊಸ ರೂಢಿ ಕಂಡೆ. ಅವರು ಇಂಜಿನ್ನನ್ನು ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದರು. ನಾನು ಒಂದನೆಯದನ್ನು ಸಡಿಲಿಸಿದೆ, ಎರಡನೆಯದನ್ನು ಸಡಿಲಿಸಿದೆ, ಅವರ ಕಣ್ಣು ನನ್ನ ಮೇಲಿನಿಂದ ಸರಿಯುತ್ತಿರಲಿಲ್ಲ. ನನ್ನ ಪರೀಕ್ಷೆ ನಡೆಸ್ಯಾರ ಅಂದುಕೊಂಡೆ. ಇಷ್ಟು ವರ್ಷಕ್ಕೆ ಕಾಕಾ ನನ್ನನ್ನು ಲೆಕ್ಕಕ್ಕೆ ಹಿಡಿದರಲ್ಲ ಎಂದು ಎದೆ ಉಬ್ಬಿಸಿಕೊಂಡೆ. ಎಲ್ಲ ಮುಗಿದ ಮೇಲೆ ಅವರು ಗಿರಾಕಿಯ ಕಡೆ ತಿರುಗಿ “ಎರಡನೇದ್ದು” ಎಂದೋ “ನಾಕನೇದ್ದು” ಎಂದೋ ಹೇಳುವರು. ಯಾವತ್ತೂ ತಪ್ಪುತ್ತಿರಲಿಲ್ಲ.

ತೊಂಬತ್ತರ ಮಳೆಗಾಲದಲ್ಲಿ ಒಂದು ದಿನ ಅವರ ಬೆನ್ನ ಹಿಂದೆ ನನ್ನ ಕೈಯಿಂದ ಜಾಕು ಜಾರಿ ಕಬ್ಬಿಣದ ಹಾಳೆಯ ಮೇಲೆ ಬಿತ್ತು. ಆಚೆಯ ಚಹಾದ ಅಂಗಡಿಯವನು ಕೂಡ ಎದ್ದು ನಿಂತ. ಕಾಕಾ ತಿರುಗಲಿಲ್ಲ. ಬೀಡಿ ಸೇದುತ್ತ ರಸ್ತೆ ನೋಡುತ್ತ ಕೂತಿದ್ದರು. ಆಗ ನನಗೆ ಎಲ್ಲ ತಿಳಿಯಿತು. ನನ್ನ ಪರೀಕ್ಷೆ ಎಂದೂ ನಡೆದಿರಲಿಲ್ಲ. ಸಪ್ಪಳ ಕುಗ್ಗಿದಾಗ ನನ್ನ ಹುಬ್ಬು ಇಳಿಯುತ್ತಿತ್ತು, ಕುಗ್ಗದಿದ್ದಾಗ ಕಣ್ಣು ಅರಳುತ್ತಿತ್ತು. ನನಗೆ ಗೊತ್ತಿಲ್ಲದೆ ನನ್ನ ಮುಖ ಅವರಿಗೆ ಎಲ್ಲ ಹೇಳುತ್ತಿತ್ತು. ಎರಡು ವರ್ಷದಿಂದ ಅವರು ನನ್ನ ಕಿವಿಯಿಂದ ಕೇಳುತ್ತಿದ್ದರು.

ಆ ದಿನ ನನಗೆ ಮರುಕ ಬಂತು ಎಂದು ಬರೆದರೆ ಚೆಂದ ಕಾಣುತ್ತದೆ. ಬಂತು, ಇಲ್ಲ ಅನ್ನುವುದಿಲ್ಲ. ಅದರ ಹಿಂದೆಯೇ ಇನ್ನೊಂದು ಬಂತು. ಹಂಗಾದ್ರ ಮಿಸ್ತ್ರಿ ಯಾರು? ಕಿವಿ ನನ್ನದು, ಕೈ ನನ್ನದು. ಗಿರಾಕಿ ಕೈ ಮುಗಿಯುವುದು ಅವರಿಗೆ. ಬಂದವರು ನನ್ನನ್ನು ನೋಡಿದರೂ ಮಿಸ್ತ್ರಿ ಇಲ್ಲೇನು ಎಂದೇ ಕೇಳುತ್ತಿದ್ದರು. ಹತ್ತು ವರ್ಷದ ದುಡಿಮೆ ಇದ್ದವನಿಗೆ ಆ ಮಾತು ಎಲ್ಲಿ ಚುಚ್ಚುತ್ತದೆ ಎಂದು ದುಡಿದವರಿಗೆ ಗೊತ್ತು. ಒಂದು ವರ್ಷ ಅದನ್ನು ಒಳಗೇ ಇಟ್ಟುಕೊಂಡೆ.

ತೊಂಬತ್ತೊಂದರ ಚಳಿಗಾಲದಲ್ಲಿ ಒಂದು ಸೋಮವಾರ ಶಿರಗುಪ್ಪಿಯ ದಾದಾಗೌಡರು ಬಂದರು. ಕಬ್ಬು, ದ್ರಾಕ್ಷಿ ಇದ್ದ ಮನೆತನ. ಯಾರ ಹತ್ತಿರವೋ ತಗೊಂಡ ಹಳೆಯ ಡೀಸೆಲ್ ಕಾರು ಅವರದು, ಹತ್ತು ವರ್ಷ ಓಡಿದ್ದು. ನಿಂತಲ್ಲೇ ಬಾಗಿಲು ಕಟಕಟ ಅನ್ನುವಷ್ಟು ನಡುಗುತ್ತಿತ್ತು. ಕಾಗವಾಡದ ಕಡೆ ಇಬ್ಬರಿಗೆ ತೋರಿಸಿ, ಆಗದೆ, ಬಾಳುಕಾಕಾರ ಹೆಸರು ಕೇಳಿ ಅಷ್ಟು ದೂರದಿಂದ ಬಂದಿದ್ದರು. ಅವರ ಅವ್ವನಿಗೆ ಮಿರಜದಲ್ಲಿ ಕಣ್ಣಿನ ಆಪರೇಶನ್ ಆಗಿತ್ತು. ಗುರುವಾರ ಮನೆಗೆ ಬಿಡುವವರಿದ್ದರು. ಹೊಲಿಗೆ ಹಾಕಿದ ಕಣ್ಣು, ತಲೆ ಕುಲುಕಬಾರದು ಎಂದು ಡಾಕ್ಟರರು ಬಿಗಿಯಾಗಿ ಹೇಳಿದ್ದರಂತೆ.

ಗೌಡರು ಮಾತು ಕಡಿಮೆಯ ಮನುಷ್ಯ. ಚಹಾದ ಅಂಗಡಿಯಿಂದ ಒಂದು ಗ್ಲಾಸು ತಂದು, ಅಂಚಿನ ತನಕ ನೀರು ತುಂಬಿ, ಹಿಂದಿನ ಸೀಟಿನ ಮೇಲೆ ಹಲಗೆ ಹಾಕಿ ಇಟ್ಟರು. ಗಾಡಿ ಚಾಲೂ ಮಾಡಿದರು. ನೀರು ನಾಲ್ಕೂ ಕಡೆ ಚೆಲ್ಲಿತು.

“ಅವ್ವ ಇಲ್ಲೇ ತಲಿ ಇಟ್ಟ ಮಲಗತಾಳ್ರಿ,” ಅಂದರು.

ಕಾಕಾ ಮಡ್‌ಗಾರ್ಡಿನ ಮೇಲೆ ಅಂಗೈ ಇಟ್ಟು ಬಹಳ ಹೊತ್ತು ನಿಂತರು. ಆಮೇಲೆ ನನ್ನ ಕೈಗೆ ಪಾನಾ ಕೊಟ್ಟು ಎದುರಿಗೆ ಬಂದರು. ನಾನು ಒಂದನೆಯದನ್ನು ಸಡಿಲಿಸಿದೆ. ಸಪ್ಪಳ ಕುಗ್ಗಿತು. ನಾನು ಮುಖ ಕಲ್ಲು ಮಾಡಿಕೊಂಡೆ. ಎರಡನೆಯದು. ಕಲ್ಲು. ಮೂರನೆಯದನ್ನು ಸಡಿಲಿಸಿದರೆ ಏನೂ ಫರಕಿಲ್ಲ, ಸತ್ತದ್ದು ಅದೇ, ಸಂತೆಯೊಳಗೆ ನಿಂತವನಿಗೂ ತಿಳಿಯುವಷ್ಟು ಸಾಫ್. ನಾನು ಕಣ್ಣು ಕೂಡ ಮಿಟುಕಿಸಲಿಲ್ಲ. ನಾಲ್ಕನೆಯದೂ ಆಯಿತು. ಕಾಕಾ ಕೈಯಿಂದಲೇ ಇನ್ನೊಮ್ಮೆ ಅಂದರು. ಇನ್ನೊಮ್ಮೆ ಮಾಡಿದೆ, ಹಾಗೆಯೇ. ಅವರ ಕಣ್ಣು ನನ್ನ ಮುಖದ ಮೇಲೆ ಓಡಾಡಿತು, ಕತ್ತಲೆಯ ಕೋಣೆಯಲ್ಲಿ ಗೂಟ ಹುಡುಕುವವರ ಕೈಯ ಹಾಗೆ. ಈಗ ಬರೆಯುವಾಗಲೂ ಆ ಕಣ್ಣು ಕಾಣುತ್ತದೆ.

ಕೊನೆಗೆ ಅವರು ಮತ್ತೆ ಮಡ್‌ಗಾರ್ಡು ಮುಟ್ಟಿ ನೋಡಿ ಹೇಳಿದರು: “ಇಂಜಿನ್ ಚಲೋ ಐತ್ರಿ ಗೌಡ್ರ. ಫೌಂಡೇಶನ್ ರಬ್ಬರ್ ಹೋಗ್ಯಾವ.”

ಫೌಂಡೇಶನ್ ಅಂದರೆ ಇಂಜಿನ್ ಕೂರುವ ರಬ್ಬರಿನ ಗಾದಿ. ಗೌಡರು, ರಬ್ಬರ್ ಹೋದ ವರ್ಷ ಹಾಕ್ಸೇನ್ರಿ, ಕಲ್ಲಿನಂಗ ಅದಾವ ಅಂದರು. ಅಷ್ಟಕ್ಕೆ ಕಾಯುತ್ತಿದ್ದ ನಾನು ಕಾಕಾರಿಗೆ ಬೆನ್ನು ಮಾಡಿ, ಗೌಡರ ಕಡೆ ತಿರುಗಿ ಹೇಳಿದೆ:

“ಕಾಕಾಗ ಕಿವಿ ಕೇಳಸೂದಿಲ್ರಿ ಗೌಡ್ರ. ಮೂರನೇದ್ದು ಸತ್ತೈತಿ. ನಾ ಹೇಳತೇನಿ.”

ನಾನು ಹೇಳಿದ್ದು ಕಾಕಾರಿಗೆ ಕೇಳಿಸಲಿಲ್ಲ. ಗೌಡರು ಮಾತ್ರ ಕಾಕಾರನ್ನು ಒಮ್ಮೆ ನೋಡಿ, ತಟ್ಟನೆ ನೆಲ ನೋಡಿದರು. ಕಾಕಾ ನನ್ನ ಮಾತನ್ನು ಗೌಡರ ಮುಖದಲ್ಲಿ ಓದಿಕೊಂಡರು.

ಜಗಳವಾಗಿದ್ದರೆ ನನಗೆ ಹಗುರಾಗುತ್ತಿತ್ತು. ಕಾಕಾ ಚಿಂದಿಯಿಂದ ಕೈ ಒರೆಸಿಕೊಂಡರು, ಒಂದೊಂದೇ ಬೆರಳು. ಉಡದಾರಕ್ಕೆ ಕಟ್ಟಿದ್ದ ಚಾವಿ ಬಿಚ್ಚಿ ಗೋಡೆಯ ಮೊಳೆಗೆ ಹಾಕಿದರು. “ಚಾವಿ ಇಲ್ಲೈತಿ,” ಅಂದರು. ರುಮಾಲು ಸುತ್ತಿಕೊಂಡು ಕರೋಶಿಯ ಬಸ್ಸು ನಿಲ್ಲುವ ಕಡೆ ನಡೆದರು. ಹತ್ತು ವರ್ಷದಿಂದ ನಾನು ಮನಸ್ಸಿನಲ್ಲಿ ಬೇಡಿದ್ದು ಆ ಚಾವಿ. ಆ ಹೊತ್ತಿಗೆ ಅದನ್ನು ಮುಟ್ಟಲು ಕೈ ಬರಲಿಲ್ಲ.

ಕೆಲಸಕ್ಕೆ ಮಾತ್ರ ಜೋರಾಗಿಯೇ ಹತ್ತಿದೆ. ಮೂರನೆಯ ನೋಜಲ್ಲು ಬಿಚ್ಚಿ ನಿಪ್ಪಾಣಿಗೆ ಒಯ್ದು ಒತ್ತಡಕ್ಕೆ ಹಚ್ಚಿ ನೋಡಿಸಿದೆ. ಹಲ್ಲು ಬಾರದ ಕೂಸಿನ ಹಾಗೆ ಜೊಲ್ಲು ಸುರಿಸುತ್ತಿತ್ತು. ಹೊಸದು ಹಾಕಿದೆ. ಮಂಗಳವಾರ ಮುಂಜಾನೆ ಚಾಲೂ ಮಾಡಿದರೆ ನಾಲ್ಕೂ ಒಂದೇ ದನಿ, ದೂಧಗಂಗೆಯ ಪಂಪಿಗಿಂತ ಚೆಂದ. ಗೌಡರ ಕಡೆ ಗತ್ತಿನಿಂದ ನೋಡಿದೆ. ಅವರು ಸುಮ್ಮನೆ ಗ್ಲಾಸು ತುಂಬಿ ಹಲಗೆಯ ಮೇಲಿಟ್ಟರು. ನೀರು ಚೆಲ್ಲಿತು. ನಿನ್ನೆಯಷ್ಟಲ್ಲ, ಆದರೂ ಚೆಲ್ಲಿತು.

ಪೈಪಿನಲ್ಲಿ ಗಾಳಿ ಹಿಡಿದಿದೆಯೇನೋ ಎಂದು ಡೀಸೆಲ್ ಹರಿಬಿಟ್ಟೆ. ಫ್ಯಾನು ನೋಡಿದೆ, ಬೆಲ್ಟು ನೋಡಿದೆ. ಸೈಲೆನ್ಸರು ಎಲ್ಲಿಯಾದರೂ ತಾಗಿದೆಯೇನೋ ಎಂದು ಕೆಳಗೆ ಬೆನ್ನು ಹಚ್ಚಿ ಮಲಗಿ ನೋಡಿದೆ. ರಬ್ಬರನ್ನೂ ನೋಡಿದೆ, ದಪ್ಪಗೆ, ಕರ್ರಗೆ, ಎಲ್ಲೂ ಬಿರುಕಿಲ್ಲ. ಸುತ್ತಿಗೆಯಿಂದ ಹೊಡೆದರೆ ಸುತ್ತಿಗೆಯೇ ಹಿಂದಕ್ಕೆ ಬಂತು. ಇದನ್ನು ಹೋಗೈತಿ ಅಂತಾರಲ್ಲ ಎಂದು ಆ ತೊಂದರೆಯಲ್ಲೂ ನಗು ಬಂತು. ಚಿಕ್ಕೋಡಿಯಲ್ಲೇ ನೆಂಟರ ಮನೆಯಲ್ಲಿ ಇಳಿದಿದ್ದ ಗೌಡರು ತಾಸಿಗೊಮ್ಮೆ ಬಂದು ಗ್ಲಾಸು ತುಂಬಿ ಇಡುವರು, ನೋಡುವರು, ಹೋಗುವರು. ಬುಧವಾರ ಮುಂಜಾನೆ ಮಾತ್ರ ಬಾಯಿ ತೆರೆದರು.

“ನೀವ ಹೇಳಿದ್ದ ಖರೇನ ಇತ್ರಿ. ಆದ್ರ ನೀರ ಕೇಳವಲ್ತಲ್ಲ. ಮಿಸ್ತ್ರ್ಯಾರನ್ನ ಕರಕೊಂಡ ಬರ್ರಿ.”

ಎರಡು ದಿನ ದುಡಿದು ಎಣ್ಣೆಯಲ್ಲಿ ಮುಳುಗಿ ಎದ್ದವನ ಎದುರಿಗೆ ಅದೇ ಮಾತು. ಈ ಸಲ ಅದು ಚುಚ್ಚಲಿಲ್ಲ. ಹೋಗಲು ನನಗೂ ಒಂದು ನೆವ ಬೇಕಾಗಿತ್ತು.

ಕರೋಶಿಯಲ್ಲಿ ಕಾಕಾರ ಮನೆಯ ಅಂಗಳದಲ್ಲಿ ಅವರ ಹೆಂಡತಿ ಕಾಕು ಜೋಳ ಹಸನು ಮಾಡುತ್ತ ಕೂತಿದ್ದರು. ಕಾಕಾ ಹಿತ್ತಲ ದೊಡ್ಡಿಯಲ್ಲಿ ಕುರಿಯೊಂದರ ಕಾಲು ಹಿಡಿದು ಗೊರಸು ನೋಡುತ್ತಿದ್ದರು, ನನಗೆ ಬೆನ್ನಾಗಿ. ಕಾಕಾ ಅಂದೆ. ಇನ್ನೂ ಜೋರಾಗಿ ಅಂದೆ. ಮೂರನೆಯ ಸಲ ಕುರಿಗಳೆಲ್ಲ ನನ್ನ ಕಡೆ ನೋಡಿದವು, ಅವರೊಬ್ಬರು ನೋಡಲಿಲ್ಲ.

ಕಾಕು ಮೊರದ ಮೇಲಿನಿಂದ ಕಣ್ಣೆತ್ತದೆ ಹೇಳಿದರು: “ಯಾಕ ಒದರತೀಯೋ? ಮುಂದ ಹೋಗಿ ನಿಂದರು. ಮಾರಿ ನೋಡಿ ತಿಳಕೋತಾರ.”

ಮುಂದೆ ಹೋಗಿ ನಿಂತೆ. ಯಾವ ಮುಖ ಹೊತ್ತು ನಿಲ್ಲಬೇಕು ಎಂದು ತಿಳಿಯಲಿಲ್ಲ. ಕಾಕಾ ನನ್ನನ್ನು ನೋಡಿ, ಕುರಿಯ ಕಾಲು ಬಿಟ್ಟು, ಅದು ಕುಂಟದೆ ಹೋಗುವುದನ್ನು ನೋಡಿದರು. ಆಮೇಲೆ ಅಂದರು:

“ಅವತ್ತ ನೀ ಮಾರಿ ಮುಚ್ಚಿದಿ.”

ಕೈಗೆ ಹತ್ತಿದ ಮಣ್ಣು ಒರೆಸಿಕೊಂಡು ಮತ್ತೆ ಅಂದರು:

“ಕಿವಿ ದೇವರ ಮುಚ್ಚಿದಾ. ಅದಕ್ಕ ನಾ ಯಾರಿಗೂ ಏನೂ ಅಂದಿಲ್ಲ. ಮಾರಿ ನೀ ಮುಚ್ಚಿದಿ.”

ನನ್ನ ಕಣ್ಣಲ್ಲಿ ನೀರು ಬಂತು ಎಂದು ಹೇಳುವುದಿಲ್ಲ. ಬಂತೋ ಇಲ್ಲವೋ ನನಗೆ ಗೊತ್ತಿಲ್ಲ. ಮುಖದಲ್ಲಿ ಏನು ಇತ್ತೋ ಅದನ್ನು ಹಾಗೇ ಬಿಟ್ಟುಕೊಂಡು ನಿಂತೆ, ಮುಚ್ಚಲಿಲ್ಲ. ತಪ್ಪಾತ್ರಿ ಕಾಕಾ ಅಂದೆ, ಮೆಲ್ಲಗೆ. ಅವರು ನನ್ನ ತುಟಿ ನೋಡಿದರು. ಬಹಳ ಹೊತ್ತು ನೋಡಿದರು, ಅಳತೆಯ ಪಟ್ಟಿ ಹಿಡಿದು ನೋಡಿದ ಹಾಗೆ. ಗೌಡ್ರ ಅವ್ವ ಎಂದ ಬರತಾಳ ಎಂದು ಕೇಳಿದರು. ನಾಳೆ ಅಂದೆ. ರುಮಾಲು ತಗೊಂಡು ಎದ್ದರು. ಕಾಕು ಇಬ್ಬರಿಗೂ ಒಂದೇ ಅರಿವೆಯಲ್ಲಿ ರೊಟ್ಟಿ ಕಟ್ಟಿ ಕೊಟ್ಟರು.

ಗ್ಯಾರೇಜಿನ ಮುಂದೆ ಗೌಡರಿದ್ದರು. ಕೆಲಸ ಇಲ್ಲದ ನಾಲ್ಕಾರು ಮಂದಿಯೂ ಇದ್ದರು; ಸುದ್ದಿ ಚಹಾದ ಅಂಗಡಿಯಿಂದ ಹೊರಟು ಊರಿಗೆಲ್ಲ ಹರಡಿತ್ತು. ಕಾಕಾ ಇಂಜಿನ್ ಚಾಲೂ ಮಾಡಿಸಿ ತಮ್ಮ ಸ್ಕ್ರೂಡ್ರೈವರ್ ತಗೊಂಡರು. ಸುತ್ತಲೂ ನಿಂತವರನ್ನು ಒಮ್ಮೆ ನೋಡಿದರು. ಕಿವಿಗೆ ಹಚ್ಚುತ್ತಾರೆ ಅಂದುಕೊಂಡೆ. ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಕೆಯನ್ನು ಬಾಯಲ್ಲಿಟ್ಟು ಹಲ್ಲಿನಿಂದ ಕಚ್ಚಿ ಹಿಡಿದು ಕಣ್ಣು ಮುಚ್ಚಿದರು.

ಯಾರೋ ಹಿಂದಿನಿಂದ, ಮುದುಕಗ ಹಸಿವ್ಯಾಗೈತಿ ಅಂದ. ನಕ್ಕರು. ನನಗೆ ನಗು ಬರಲಿಲ್ಲ. ಹಿಡಿಕೆಯ ಮೇಲಿನ ಗುರುತುಗಳನ್ನು ನಾನು ಎಷ್ಟೋ ದಿನದಿಂದ ನೋಡಿದ್ದೆ, ಏನು ಎಂದು ಕೇಳಿರಲಿಲ್ಲ. ಆಮೇಲೆ ಕಾಕು ಹೇಳಿದರು: ಕಿವಿ ಹೋದಾಗಿನಿಂದ ದಿನಾ ನಾನು ಗ್ಯಾರೇಜಿಗೆ ಬರುವುದಕ್ಕಿಂತ ಮೊದಲು ಬಂದು, ಬಾಗಿಲು ಮುಚ್ಚಿಕೊಂಡು ಇದನ್ನೇ ರೂಢಿ ಮಾಡುತ್ತಿದ್ದರಂತೆ. ಕಿವಿಗೆ ಬಾರದ್ದು ಹಲ್ಲಿನ ಗುಂಟ ಬುರುಡೆಗೆ ಬರುತ್ತದೆ ಎಂದು ಅವರಿಗೆ ಯಾರೂ ಕಲಿಸಿರಲಿಲ್ಲ. ಮಂದಿಯ ಎದುರಿಗೆ ಬಾಯಲ್ಲಿ ಕಟ್ಟಿಗೆ ಹಿಡಿಯಲು ನಾಚಿಕೆ. ಅದಕ್ಕೇ ನನ್ನ ಮುಖ ಬೇಕಾಗಿತ್ತು.

ನಾಲ್ಕು ಕಡೆ ಒತ್ತಿ ನೋಡಿ ಕಣ್ಣು ತೆರೆದರು, ಮೂರನೆಯದಕ್ಕೆ ಹಾಕಿದ್ದ ಹೊಸ ನೋಜಲ್ಲು ನೋಡಿದರು. ಎಲ್ಲರಿಗೂ ಕೇಳುವಂತೆ, ಸ್ವಲ್ಪ ಜೋರಾಗಿಯೇ ಅಂದರು:

“ಇಂಜಿನ್ ಈಗ ಚಲೋ ಆಗೈತಿ. ಹುಡಗ ಮಾಡಿದ್ದ ಬರೋಬರಿ ಐತಿ. ಮೂರನೇದ್ದ ಸತ್ತಿತ್ತು.”

ಇಪ್ಪತ್ತಾರು ವರ್ಷದವನನ್ನು ಹುಡುಗ ಅಂದದ್ದಕ್ಕೆ ಬೇರೆ ದಿನವಾಗಿದ್ದರೆ ಸಿಟ್ಟು ಬರುತ್ತಿತ್ತು. ಅವರು ತುದಿಯನ್ನು ರಬ್ಬರಿನ ಕೆಳಗಿನ ಚೌಕಟ್ಟಿಗೆ ಒತ್ತಿ ಮತ್ತೆ ಕಚ್ಚಿದರು. ಕೂಡಲೇ ಬಿಟ್ಟು ಹಿಡಿಕೆಯನ್ನು ನನ್ನ ಕಡೆ ಚಾಚಿದರು. ಕಡಿ ಅಂದರು.

ಕಚ್ಚಿದೆ. ಕಟ್ಟಿಗೆ, ಎಣ್ಣೆ, ಬೀಡಿಯ ರುಚಿ. ಮೊದಲು ಇಂಜಿನ್ನಿಗೆ ಒತ್ತಿದೆ. ನಾಲ್ಕೂ ಬಡಿತ ನನ್ನ ದವಡೆಯಿಂದ ನೆತ್ತಿಗೆ ಏರಿದವು. ಕಿವಿಯಿಂದ ಎಂದೂ ಅಷ್ಟು ಹತ್ತಿರ ಕೇಳಿರಲಿಲ್ಲ. ಆಮೇಲೆ ಕೆಳಗಿನ ಚೌಕಟ್ಟಿಗೆ ಒತ್ತಿದೆ. ಅವೇ ನಾಲ್ಕು, ಅಷ್ಟೇ ಗಟ್ಟಿಯಾಗಿ, ಕೂದಲೆಳೆಯಷ್ಟೂ ಕುಗ್ಗದೆ ಬಂದವು.

“ಮ್ಯಾಲ ಇದ್ದದ್ದ ಕೆಳಗೂ ಅಷ್ಟ ಐತಿ,” ಅಂದರು ಕಾಕಾ. “ನಡಬರಕ ಕುಂತಾಂವ ಕೆಲಸ ಮಾಡವಲ್ಲ.”

ರಬ್ಬರು ಬಿಚ್ಚಿದೆವು. ಅಡ್ಡಡ್ಡ ಕೊಯ್ದು ನೋಡಿದರೆ ಒಳಗೆ ನೂಲಿನ ಪದರು, ನಡುವೆ ತಂತಿ. ಅದು ಫೌಂಡೇಶನ್ ರಬ್ಬರೇ ಅಲ್ಲ. ಗೌಡರು ತಲೆ ಕೆರೆದುಕೊಂಡರು. ಹೋದ ವರ್ಷ ರಬ್ಬರು ಹರಿದಾಗ ಅವರ ಆಳು ಕಬ್ಬಿನ ಎತ್ತಿನ ಗಾಡಿಯ ಹಳೆಯ ಟಾಯರು ಕೊಯ್ದು, ಪದರಿನ ಮೇಲೆ ಪದರು ಇಟ್ಟು ಬೋಲ್ಟು ಬಿಗಿದಿದ್ದ. ನಮ್ಮ ಕಡೆ ಆ ಟಾಯರನ್ನು ಯಾರೂ ಎಸೆಯುವುದಿಲ್ಲ. ಚಪ್ಪಲಿಯ ತಳ ಅದರದು, ತೋಟದ ಬಾಗಿಲಿನ ಕೀಲು ಅದರದು, ಎಮ್ಮೆಯ ನೀರಿನ ತೊಟ್ಟಿಯೂ ಅದರದು. ಟನ್ನುಗಟ್ಟಲೆ ಕಬ್ಬ ಹೊತ್ತದ್ದ ಇಂಜಿನ್ ಹೊರೂದಿಲ್ಲೇನ ಅಂತ ಹಾಕ್ಸಿದ್ನಿರಿ ಅಂದರು ಗೌಡರು. ಮೊದಲು ಸ್ವಲ್ಪ ನಡುಕವಿತ್ತು, ರೂಢಿಯಾಯಿತು. ನೋಜಲ್ಲು ಕೆಟ್ಟ ಮೇಲೆ ತಡೆಯಲಾಗದಷ್ಟಾಯಿತು.

“ಹೊರತೈತ್ರಿ,” ಅಂದರು ಕಾಕಾ, ಗೌಡರ ತುಟಿ ನೋಡುತ್ತ. “ಗಟ್ಟಿ ಐತಿ, ಅದಕ್ಕ ನಡಕ ನುಂಗೂದಿಲ್ಲ.”

ಹೀಗೆ ಅವರು ಹೇಳಿದ್ದೂ ಖರೆ, ನಾನು ಹೇಳಿದ್ದೂ ಖರೆ. ಒಬ್ಬೊಬ್ಬರ ಹತ್ತಿರ ಅರ್ಧರ್ಧ ಇತ್ತು. ಕಿವಿಯ ಅರ್ಧ ನನ್ನದು, ಅಂಗೈಯ ಅರ್ಧ ಅವರದು. ಸೋಮವಾರ ನಾನು ಮುಖ ಮುಚ್ಚದೆ ಇದ್ದಿದ್ದರೆ ಎರಡೂ ಒಂದೇ ತಾಸಿನಲ್ಲಿ ಸಿಗುತ್ತಿದ್ದವು.

ನಿಪ್ಪಾಣಿಯಿಂದ ಮೆತ್ತನೆಯ ಹೊಸ ರಬ್ಬರು ತರಿಸಿ ಹೊತ್ತು ಮುಳುಗುವುದರೊಳಗೆ ಕೂರಿಸಿದೆವು. ಗೌಡರು ಗ್ಲಾಸು ತುಂಬಿದರು. ಇಂಜಿನ್ ಚಾಲೂ ಆದಾಗ ನೀರಿನ ನಡುವೆ ಒಂದು ಸಣ್ಣ ಉಂಗುರ ಎದ್ದು ಅಲ್ಲೇ ಮಾಯವಾಯಿತು. ಒಂದು ಹನಿ ಕೆಳಗೆ ಬೀಳಲಿಲ್ಲ. ಗೌಡರು ಆ ನೀರನ್ನು ತಾವೇ ಕುಡಿದು, ಗ್ಲಾಸನ್ನು ಅಂಗಡಿಗೆ ಕೊಟ್ಟು, ಗಾಡಿ ಹತ್ತಿದರು.

ಎರಡು ತಿಂಗಳ ಮೇಲೆ ಆ ಅವ್ವ ದಪ್ಪ ಕನ್ನಡಕ ಹಾಕಿಕೊಂಡು ಅದೇ ಗಾಡಿಯಲ್ಲಿ ಬಂದರು. ಕಬ್ಬಿಣ ಕಡದಾಂವ ಯಾಂವ ಅದಾನ, ಅವನ್ನ ನೋಡಬೇಕು ಅಂದರಂತೆ. ಕಾಕಾರನ್ನು ಬಹಳ ಹೊತ್ತು ನೋಡಿ, ಹಲ್ಲ ಗಟ್ಟಿ ಅದಾವ ಬಿಡು ಅಂದರು. ಕಾಕಾರಿಗೆ ತುಟಿಯಿಂದ ಅದು ತಿಳಿಯಿತು. ಅವರು ಬಾಯಿ ತೆರೆದು ನಕ್ಕದ್ದನ್ನು ನಾನು ನೋಡಿದ್ದು ಕಡಿಮೆ, ಅವತ್ತು ನೋಡಿದೆ.

ಕಾಕಾ ಮತ್ತೆ ದಿನಾ ಗ್ಯಾರೇಜಿಗೆ ಬಂದರು. ಚಾವಿಯನ್ನು ಮಾತ್ರ ಮೊಳೆಯಿಂದ ತಿರುಗಿ ತಗೊಳ್ಳಲಿಲ್ಲ. ನಾನೂ ಉಡದಾರಕ್ಕೆ ಕಟ್ಟಿಕೊಳ್ಳಲಿಲ್ಲ. ಮುಂಜಾನೆ ಮೊದಲು ಬಂದವರು ತೆಗೆಯುವುದು, ಕೊನೆಗೆ ಹೋಗುವವರು ಬಾಗಿಲು ಹಾಕುವುದು. ಚಾವಿ ರಾತ್ರಿ ಇರುತ್ತಿದ್ದದ್ದು ಚಹಾದ ಅಂಗಡಿಯಲ್ಲಿ, ಹಗಲು ಮೊಳೆಯ ಮೇಲೆ. ಕಾಕಾ ಬಾಗಿಲ ಹತ್ತಿರ ಡ್ರಮ್ಮಿನ ಮೇಲೆ ಕೂರುವರು. ನಾನು ನಟ್ಟು ಸಡಿಲಿಸುವಾಗ ಅವರ ಕಡೆ ಮುಖ ಎತ್ತುತ್ತಿದ್ದೆ. ಚಲೋ ಇದ್ದರೆ ಹುಬ್ಬು ನೆತ್ತಿಗೆ ಏರಿಸುವುದು, ಸತ್ತದ್ದು ಸಿಕ್ಕರೆ ಬಾಯಿ ಸೊಟ್ಟ ಮಾಡುವುದು. ಗಿರಾಕಿಗಳಿಗೆ ಇದೊಂದು ಮೋಜು. ಅದೇ ರೂಢಿ ಗಟ್ಟಿಯಾಗಿ ಈಗ ನನ್ನ ಮುಖದಲ್ಲಿ ಯಾವ ಗುಟ್ಟೂ ನಿಲ್ಲುವುದಿಲ್ಲ. ಬದನಿಕಾಯಿ ಕೊಳ್ಳಾಕ ಇವರನ್ನ ಕಳಸಬಾರದು, ಬೇಕು ಅನ್ನೂದ ಮಾರಿ ಮ್ಯಾಲ ಬರದಿರತೈತಿ ಎಂದು ಹೆಂಡತಿ ಹೇಳುತ್ತಾಳೆ.

ತೊಂಬತ್ತೇಳರಲ್ಲಿ ಕಾಕಾರ ಮುಂದಿನ ಎರಡು ಹಲ್ಲು ಬಿದ್ದವು. ಮರುದಿನ ಬಂದು ಸ್ಕ್ರೂಡ್ರೈವರನ್ನು ನನ್ನ ಕೈಗಿಟ್ಟು, ಇನ್ನ ಇದ ನಿನಗ ಅಂದರು. ಅಂಗೈಯಿಂದ ನೋಡುವುದನ್ನು ಮಾತ್ರ ಬಿಡಲಿಲ್ಲ. ಮುಂದಿನ ವರ್ಷದ ಮಳೆಗಾಲದಲ್ಲಿ ತೀರಿಕೊಂಡರು. ಕರೋಶಿಯ ಮನೆಯ ಕಟ್ಟೆಗೆ ಕೂರಿಸಿದ್ದರು. ಎಲ್ಲರೂ ಕಾಲ ಕಡೆಯಿಂದ ನಮಸ್ಕಾರ ಮಾಡಿದರು. ನಾನು ಎದುರಿಗೆ ಹೋಗಿ, ಮುಖ ಕಾಣುವಂತೆ ನಿಂತೆ.

ಈಗಲೂ ಮೂರನೆಯದೋ ನಾಲ್ಕನೆಯದೋ ಸತ್ತದ್ದು ಸಿಕ್ಕಾಗ ಮುಖ ತಾನಾಗಿ ಡ್ರಮ್ಮಿನ ಕಡೆ ಏಳುತ್ತದೆ.

ಈಗ ನನ್ನ ಹತ್ತಿರ ಇರುವುದು ಇಷ್ಟು. ತಗಡಿನ ಸೆಡ್ಡು ಒಂದು. ಬೇವಿನ ಗಿಡ ಒಂದು. ಜಾಕು ಎರಡು. ಪಾನಾದ ಸೆಟ್ಟು ಮೂರು, ಒಂದರಲ್ಲಿ ಹತ್ತೊಂಬತ್ತರದ್ದು ಕಳೆದಿದೆ. ಕೂರುವವರಿಲ್ಲದ ಡ್ರಮ್ಮು ಒಂದು. ಮೊಳೆಯ ಮೇಲೆ ಚಾವಿ ಒಂದು. ಕೇಳುವ ಕಿವಿ ಎರಡು. ಸ್ಕ್ರೂಡ್ರೈವರ್ ಹನ್ನೊಂದು, ಅದರಲ್ಲಿ ಒಂದರ ಹಿಡಿಕೆಯ ಮೇಲೆ ಹಲ್ಲಿನ ಗುರುತು ಎಂಟು. ಆರು ಕಾಕಾರವು. ಎರಡು ನನ್ನವು.